ದೋಣಿ ಹೊಡದ ಬ್ಯಾಂಟಿಂಗ್ ಸಾಹೇಬರು ಯಾಕ ತೆಳ್ಳಗಾಗಲಿಲ್ಲ?

ನಮ್ಮ ಓಣ್ಯಾಗ ವಾಕಿಂಗ ಶುರು ಮಾಡೋ ಹೆಣ್ಣಮಕ್ಕಳಿಗೇನೂ ಕಡಿಮಿ ಇಲ್ಲ. ದೀಪಾವಳಿ ಫರಾಳ ಮುಗದ ಮ್ಯಾಲೆ ಒಂದು ಗುಂಪು ಹೊರಡತದ, ಶುಗರ್ ರಿಪೋರ್ಟ ಬಂದ ಮ್ಯಾಲೆ ಇನ್ನೊಂದು ಗುಂಪು. ಎರಡು ತಿಂಗಳಿಗೆ ಅರ್ಧಾ ಮಂದಿ ಮಾಯ. ಯಾಕ್ರಿ ವೈನಿ ಬರವಲ್ರಿ ಅಂತ ಕೇಳಿದ್ರ ಒಂದ ಉತ್ತರ: "ಅಯ್ಯ, ಎಷ್ಟ ನಡದ್ರೂ ಕಾಟಾ ಅಳ್ಳಾಡವಲ್ತು ನೋಡು, ಅರ್ಧಾ ಕಿಲೋ ಸುದ್ಧಾ ಇಳೀವಲ್ತು." ಇನ್ನ ಕೆಲವರು ನಡೆಯೋದನ್ನೂ ಬಿಟ್ಟು ರಾತ್ರಿ ಊಟಾನೂ ಬಿಟ್ಟು ತಲಿ ತಿರುಗಿ ಕೂಡತಾರ.

ನಡದ್ರ ತೂಕ ಇಳೀತದೋ, ಊಟಾ ಬದಲಿ ಮಾಡಿದ್ರ ಇಳೀತದೋ ಅನ್ನೋ ಜಗಳಾ ನಮ್ಮ ಕಟ್ಟಿ ಮ್ಯಾಲೆ ಹುಟ್ಟಿದ್ದಲ್ಲ. ಇದಕ್ಕ 160 ವರ್ಷದ ಇತಿಹಾಸ ಅದ. ಆ ಇತಿಹಾಸ ಗೊತ್ತಿದ್ದಿದ್ರ ವಾಕಿಂಗ ಬಿಟ್ಟವರೊಳಗ ಬಾಳ ಮಂದಿ ಬಿಡತಿರಲಿಲ್ಲ ಅಂತ ನಂಗ ಅನಸ್ತದ. ಅದಕ್ಕ ಬರೀಲಿಕ್ಕತ್ತೇನಿ.

ಲಂಡನ್ನಿನೊಳಗ ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬ ಸಾಹೇಬರಿದ್ದರು. (ಇನ್ಸುಲಿನ್ ಕಂಡುಹಿಡದ ಬ್ಯಾಂಟಿಂಗ್ ಬ್ಯಾರೆ, ಅವರು ಆಮ್ಯಾಲಿನವರು.) ಇವರದು ಶವಪೆಟ್ಟಿಗಿ ಮಾಡಸಿ, ದೊಡ್ಡ ಮನಿತನದವರ ಅಂತ್ಯಸಂಸ್ಕಾರದ ವ್ಯವಸ್ಥಾ ನೋಡೋ ಉದ್ಯೋಗ. ಮೂರನೇ ಜಾರ್ಜ್ ರಾಜಾ ತೀರಿಕೊಂಡಾಗ, ವೆಲಿಂಗ್ಟನ್ ಸರದಾರ ಹೋದಾಗ, ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ 1861ರೊಳಗ ಹೋದಾಗ, ಎಲ್ಲಾ ವ್ಯವಸ್ಥಾ ಇವರ ಮನಿತನದ್ದ. ಅಂದ್ರ ರೊಕ್ಕಾ, ಮರ್ಯಾದಿ ಯಾವದಕ್ಕೂ ಕೊರತಿ ಇರಲಿಲ್ಲ. ಆದ್ರ ಎತ್ತರ 5 ಅಡಿ 5 ಇಂಚು, 1862ರ ಆಗಸ್ಟಿನೊಳಗ ತೂಕ 202 ಪೌಂಡ್, ನಮ್ಮ ಲೆಕ್ಕದಾಗ 92 ಕಿಲೋದ ಹತ್ರ.

ಬಗ್ಗಿ ಬೂಟಿನ ಲಾಡಿ ಕಟ್ಟಿಕೊಳ್ಳಲಿಕ್ಕೆ ಆಗತಿರಲಿಲ್ಲ. ಪಾವಟಿಗಿ ಇಳೀವಾಗ ಮೊಣಕಾಲ ಮ್ಯಾಲೆ ಭಾರ ಬೀಳಬಾರದು ಅಂತ ಬೆನ್ನ ಹಿಂದ ಮಾಡಿ, ಉಲ್ಟಾ, ಒಂದೊಂದ ಮೆಟ್ಟಲಾ ಇಳೀತಿದ್ದರು. ಮಂದಿ ಕೂಡೋ ಗಾಡಿಯೊಳಗ ಹತ್ತಿದ್ರ ಸುತ್ತಲಿನವರು ನಗೋದು, ಮಾತಾಡೋದು. ಆ ಅಪಮಾನದ ಬಗ್ಗೆ ಅವರು ಮುಚ್ಚಿಟ್ಟಕೊಳ್ಳದ ಬರದಾರ. ಮದವಿ ಮನಿಯೊಳಗ "ಏನವಾ, ಮತ್ತಷ್ಟು ದಪ್ಪ ಆಗೀಯಲ್ಲ" ಅನಿಸಿಕೊಂಡವರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಭಾಳ ವರ್ಷದ ಹಿಂದ ಒಬ್ಬರು ಡಾಕ್ಟರು ಇವರಿಗೆ, ಮುಂಜಾನೆ ಕೆಲಸಕ್ಕ ಹೋಗೋಕ್ಕಿಂತ ಮೊದಲ ಮೈಗೆ ಶ್ರಮ ಕೊಡ್ರಿ ಅಂತ ಹೇಳಿದ್ದರು. ಮನಿ ಹತ್ರ ನದಿ ಇತ್ತು. ಭಾರದ್ದೊಂದು ದೋಣಿ ತಗೊಂಡು ದಿನಾ ಬೆಳಗಾದ ಕೂಡಲೆ ಎರಡೆರಡು ತಾಸು ಹುಟ್ಟು ಹಾಕಿದರು. ತೋಳು ಗಟ್ಟಿ ಆದವು, ಮೈಯಾಗ ಕಸುವು ಬಂತು. ಅದರ ಜೋಡಿ ಹಸಿವಿನೂ ಬಂತು, ಎಂಥಾ ಹಸಿವಿ ಅಂದ್ರ ತಡಕೊಳ್ಳಲಿಕ್ಕೆ ಆಗದಂಥಾದ್ದು. ಹಸದಷ್ಟು ಉಂಡರು, ತೂಕ ಮತ್ತಷ್ಟು ಏರಿತು! ಕಡೀಕ ಅದ ಡಾಕ್ಟರು "ದೋಣಿ ಬಿಡ್ರಿ" ಅಂದರು. ನಡಿಗಿ, ಕುದರಿ ಸವಾರಿ, ಸಮುದ್ರ ಸ್ನಾನ, ಹಬೆ ಸ್ನಾನ ಎಲ್ಲಾ ಆದವು. ಯಾವದರಿಂದನೂ ಹೇಳಿಕೊಳ್ಳೋ ಅಂಥ ಫರಕ ಬೀಳಲಿಲ್ಲ.

1862ರೊಳಗ ಕಿವಿ ಮಂದ ಆತು ಅಂತ ವಿಲಿಯಂ ಹಾರ್ವೆ ಅನ್ನೋ ಕಿವಿ ಡಾಕ್ಟರ ಕಡೆ ಹೋದರು. ಆ ಹಾರ್ವೆ ಪ್ಯಾರಿಸ್ಸಿನೊಳಗ ಕ್ಲೋದ್ ಬರ್ನಾರ್ಡ್ ಅನ್ನೋ ವಿಜ್ಞಾನಿಯ ಉಪನ್ಯಾಸ ಕೇಳಿ ಬಂದಿದ್ದರು. ಲಿವರ್ರು ಸಕ್ಕರಿ ಹೆಂಗ ಮಾಡತದ, ಸಕ್ಕರಿ ಕಾಯಿಲೆಗೂ ಅದಕ್ಕೂ ಏನ ಸಂಬಂಧ ಅನ್ನೋದು ಅವರ ತಲಿಯೊಳಗ ಓಡತಿತ್ತು. ಕಿವಿ ಬಿಟ್ಟು ತಾಟು ನೋಡಿದರು. ಬ್ರೆಡ್ಡು, ಬೆಣ್ಣಿ, ಹಾಲು, ಸಕ್ಕರಿ, ಬಿಯರು, ಬಟಾಟಿ ಇಷ್ಟು ಬಂದ ಮಾಡ್ರಿ ಅಂದರು.

ಅದಕ್ಕೂ ಮೊದಲ ಸಾಹೇಬರ ದಿನದ ಊಟಾ ಏನಿತ್ತು ಅಂದ್ರ: ಮುಂಜಾನೆ ಹಾಲು ಸಕ್ಕರಿ ದಂಡಿಯಾಗಿ ಸುರಿದ ದೊಡ್ಡ ಲೋಟ ಚಹಾ, ಬೆಣ್ಣಿ ಹಚ್ಚಿದ ಟೋಸ್ಟ್. ಮಧ್ಯಾಹ್ನ ಮಾಂಸದ ಜೋಡಿ ಮತ್ತ ಬ್ರೆಡ್ಡು, ಬಿಯರು, ಸಿಹಿ. ಸಂಜಿಗೆ ಮತ್ತ ಮುಂಜಾನಿದ್ದ ಪಾಳಿ. ಟೋಸ್ಟ್ ತಗದು ಖಾರಿ ಇಟ್ಟು, ಬಿಯರು ತಗದು ಇನ್ನೊಂದ ಸಲ ಚಹಾ ಇಟ್ಟು ನೋಡ್ರಿ, ಭಾಳ ಮನಿ ಕಥಿ ಅದ.

ಹೊಸಾ ಊಟದೊಳಗ ಮೀನ, ಮಾಂಸ, ಕಾಯಿಪಲ್ಯ, ಒಂದು ಸಣ್ಣ ತುಕಡಿ ಒಣಾ ಟೋಸ್ಟ್, ಸಕ್ಕರಿ ಇಲ್ಲದ ಚಹಾ, ಇವೆಲ್ಲದರ ಜೋಡಿ ಮೂರನಾಲ್ಕು ಗ್ಲಾಸು ದ್ರಾಕ್ಷಿ ಮದ್ಯಾನೂ ಇತ್ತು. (ಅದನ್ನ ಓದಿ ಮನಿ ಗಂಡಸರು ಖುಷಿ ಆಗೋದು ಬ್ಯಾಡ.) ಒಂದು ವರ್ಷಕ್ಕ 46 ಪೌಂಡ್ ಇಳದರು, ಅಂದ್ರ 21 ಕಿಲೋ. ನಡಾ 12 ಇಂಚಿನ ಮ್ಯಾಲೆ ಸಣ್ಣ ಆತು. ಪಾವಟಿಗಿ ಮತ್ತ ಎಲ್ಲರಂಗ ಮುಂದ ಮಾರಿ ಮಾಡಿ ಇಳದರು. ಇಷ್ಟು ದೊಡ್ಡ ಹೆಸರಾದ ಇಳಿಕಿ ಸುದ್ಧಾ ವಾರಕ್ಕ ಅರ್ಧಾ ಕಿಲೋದೊಳಗನ ಇತ್ತು ಅನ್ನೋದನ್ನ ಮರೀಬ್ಯಾಡ್ರಿ. ನಾವು ಎಂಟ ದಿನಕ್ಕ ಕಾಟಾ ಮ್ಯಾಲೆ ನಿಂತು ಮಾರಿ ಸಣ್ಣದ ಮಾಡತೇವಿ.

1863ರೊಳಗ ಇದನ್ನೆಲ್ಲಾ ಒಂದು ಸಣ್ಣ ಪುಸ್ತಕ ಬರದು, ತಮ್ಮ ಖರ್ಚಿಲೆ ಅಚ್ಚು ಹಾಕಿಸಿ ಫುಕಟ ಹಂಚಿದರು. ಆಮ್ಯಾಲೆ ಅದು ಎಷ್ಟು ಹಬ್ಬಿತು ಅಂದ್ರ ಇಂಗ್ಲೀಷಿನೊಳಗ ಪಥ್ಯಾ ಮಾಡೋದಕ್ಕ "ಬ್ಯಾಂಟಿಂಗ್" ಅನ್ನೋ ಶಬ್ದನ ಬಂತು. ಸ್ವೀಡನ್ನಿನವರು ಇವತ್ತಿಗೂ ತೂಕ ಇಳಿಸೋ ಪಥ್ಯಾಕ್ಕ "ಬಾಂಟಾ" ಅಂತಾರ.

ಇಲ್ಲೇ ನನ್ನ ತಕರಾರು. ಎಲ್ಲಾರೂ ಬ್ಯಾಂಟಿಂಗರ ಊಟದ ಯಾದಿ ನೆನಪಿಟ್ಟರು. ದೋಣಿ ಹೊಡದಾಗ ಕಸುವು ಬಂತು ಅಂತ ಅವರ ಕೈಯಾರೆ ಬರದದ್ದನ್ನ ಯಾರೂ ಲಕ್ಷ್ಯಕ್ಕ ತಗೊಳ್ಳಲಿಲ್ಲ. ದೋಣಿ ಸೋತದ್ದು ಕಾಟಾದ ಮುಂದ ಮಾತ್ರ. ಮೈ ಮುಂದ ಸೋತಿರಲಿಲ್ಲ. ಈ ಎರಡನ್ನೂ ಬ್ಯಾರೆ ಮಾಡಿ ನೋಡಲಿಕ್ಕೆ ಮಂದಿಗೆ ಮುಂದ ನೂರು ವರ್ಷ ಹತ್ತಿತು.

ಮೊದಲ ಲೆಕ್ಕ ಬಂತು. 1890ರ ದಶಕದಾಗ ಅಮೆರಿಕಾದ ವೆಸ್ಲಿಯನ್ ವಿಶ್ವವಿದ್ಯಾಲಯದೊಳಗ ವಿಲ್ಬರ್ ಅಟ್ವಾಟರ್ ಅನ್ನೋ ವಿಜ್ಞಾನಿ ಒಂದು ಸಣ್ಣ ಖೋಲಿ ಕಟ್ಟಿಸಿ, ಅದರೊಳಗ ಮನುಷ್ಯಾನ್ನ ದಿನಗಟ್ಟಲೆ ಇಟ್ಟು, ಅವರು ಉಂಡದ್ದೆಷ್ಟು, ಅವರ ಮೈಯಿಂದ ಹೊರಬಿದ್ದ ಕಾವು ಎಷ್ಟು ಅಂತ ಅಳದರು. ಕ್ಯಾಲರಿ ಅನ್ನೋ ಮಾತು ಅಲ್ಲಿಂದ ಅಡಗಿಮನಿ ಕಡೆ ಹೊಳ್ಳಿತು. ಈ ಲೆಕ್ಕ ಹಿಡದ್ರ ಬ್ಯಾಂಟಿಂಗರ ದೋಣಿ ಕಥಿ ಸರಳ ತಿಳೀತದ. 60-65 ಕಿಲೋ ತೂಕದವರು ಅರ್ಧಾ ತಾಸು ಸಮಾ ಹೆಜ್ಜಿ ಹಾಕಿ ನಡದ್ರ ಸುಮಾರು 100ರಿಂದ 130 ಕ್ಯಾಲರಿ ಖರ್ಚು. ವಾಪಸ ಬಂದು "ದಣದೇನಿ" ಅಂತ ಒಂದು ಕಪ್ ಸಕ್ಕರಿ ಚಹಾ, ಎರಡು ಬಿಸ್ಕೀಟು ತಗೊಂಡ್ರ ಹತ್ರ ಹತ್ರ ಅಷ್ಟ ಜಮಾ. ಏಕಾದಶಿಗೆ ಅನ್ನ ಬಿಟ್ಟು ಶೇಂಗಾ ಪುಡಿ ಹಾಕಿದ ಸಾಬೂದಾಣಿ ಖಿಚಡಿ ಎರಡ ಸಲ ನೀಡಿಸಿಕೊಂಡಂಗ. ದೇವರಿಗೆ ಮುಟ್ಟತದ, ಕಾಟಾಕ್ಕ ಮುಟ್ಟೂದಿಲ್ಲ.

ಈ ಕ್ಯಾಲರಿ ಲೆಕ್ಕಾನ ಹೆಣ್ಣಮಕ್ಕಳ ಕೈಯಾಗ ಕೊಟ್ಟವರು ಒಬ್ಬ ಹೆಣ್ಣಮಗಳು, ಕ್ಯಾಲಿಫೋರ್ನಿಯಾದ ಡಾಕ್ಟರ್ ಲುಲು ಹಂಟ್ ಪೀಟರ್ಸ್. ತಾವೂ 220 ಪೌಂಡ್ ಇದ್ದು 70 ಪೌಂಡ್ ಇಳಿಸಿದವರು. 1918ರ ಅವರ ಪುಸ್ತಕಕ್ಕ ಕಡ್ಡಿ ಗೊಂಬಿಯಂಥಾ ಚಿತ್ರ ತಗದಾಂವ ಅವರ ಸಣ್ಣ ವಯಸ್ಸಿನ ಸೋದರಳಿಯ. ಇನ್ನ ಮ್ಯಾಲೆ "ಒಂದು ತುಕಡಿ ಬ್ರೆಡ್ಡು" ಅನಬ್ಯಾಡ್ರಿ, "100 ಕ್ಯಾಲರಿ ಬ್ರೆಡ್ಡು" ಅನ್ರಿ ಅಂತ ಅವರ ಪಾಠ. ಲಕ್ಷಗಟ್ಟಲೆ ಪ್ರತಿ ಹೋದವು. ಪುಸ್ತಕದೊಳಗ ಚೇಷ್ಟಿ ಅದ, ಧೈರ್ಯಾನೂ ಅದ, ಆದ್ರ ನಂಗ ಒಂದು ಮಾತು ಚುಚ್ಚತದ. ಮಹಾಯುದ್ಧದ ಕಾಲ ಅದು, ಊಟಕ್ಕ ಕೊರತಿ ಇದ್ದಾಗ ಮೈಯಾಗ ಕೊಬ್ಬು ಇಟ್ಟಕೊಳ್ಳೋದು ದೇಶಕ್ಕ ಮಾಡೋ ಅಪರಾಧ ಅನ್ನೋ ಧಾಟಿಯೊಳಗ ಬರದಾರ. ಹೆಣ್ಣಮಕ್ಕಳ ತೂಕಕ್ಕ ನಾಚಿಕಿಯ ಜೋಡಿ ಪಾಪಾನೂ ಅಂಟಿಸಿದ್ರು. ಅದು ಇನ್ನೂ ಬಿಟ್ಟಿಲ್ಲ.

ಇಷ್ಟಾದ್ರೂ ವ್ಯಾಯಾಮ ಅಂದ್ರ ಕೈಲಾಗದ್ದು ಅಂತನ ಉಳದಿತ್ತು. ಅದನ್ನ ಬದಲಿ ಮಾಡಿದ್ದು ಲಂಡನ್ನಿನ ಎರಡು ಮಜಲಿನ ಕೆಂಪು ಬಸ್ಸು. ಜೆರೆಮಿ ಮಾರಿಸ್ ಅನ್ನೋ ಡಾಕ್ಟರು ಒಂದು ಸರಳ ಪ್ರಶ್ನಿ ಇಟ್ಟಕೊಂಡರು. ಅದ ಬಸ್ಸು, ಅದ ಊರು, ಹೆಚ್ಚುಕಡಿಮಿ ಅದ ಥರದ ಸಂಸಾರ. ಆದ್ರ ಡ್ರೈವರ್ ಇಡೀ ದಿನಾ ಕೂತಿರತಾನ, ಕಂಡಕ್ಟರ್ ದಿನಾ ನೂರಾರು ಪಾವಟಿಗಿ ಹತ್ತಿ ಇಳೀತಾನ. 1953ರೊಳಗ ಅವರ ಲೇಖನ ಬಂತು: ಕಂಡಕ್ಟರರಿಗೆ ಹೃದಯದ ಕಾಯಿಲೆ ಕಡಿಮಿ, ಬಂದ್ರೂ ತಡಾಗಿ, ಅದೂ ಅಷ್ಟು ಜೋರಾಗಿ ಅಲ್ಲ.

ಡ್ರೈವರ್ರು ದಪ್ಪ ಇದ್ದದ್ದಕ್ಕ ಹಂಗಾಗಿರಬೇಕು ಅಂತ ನೀವು ಅನಬಹುದು. ಮಾರಿಸ್ ಅವರಿಗೂ ಆ ಸಂಶಯ ಬಂತು. ಅವರು ಹೋಗಿದ್ದು ಸಮವಸ್ತ್ರ ಹೊಲಸೋ ಖಾತೆಗೆ! ಪ್ಯಾಂಟಿನ ನಡದ ಅಳತಿ ಎಲ್ಲಾ ಅಲ್ಲಿ ಬರದಿಟ್ಟಿತ್ತು. ಡ್ರೈವರರ ನಡ ದೊಡ್ಡದು ಖರೆ, ಇದನ್ನ 1956ರೊಳಗ ಪ್ರಕಟಾ ಮಾಡಿದರು. ಆದ್ರ ನಡದ ಅಳತಿ ಒಂದರಿಂದನ ಎಲ್ಲಾ ಫರಕ ತಿಳಿಯಂಗಿರಲಿಲ್ಲ. ತೆಳ್ಳಗಿದ್ದವರ ಲೆಕ್ಕ ಇಟ್ಟರೂ ಪಾವಟಿಗಿ ಹತ್ತೋದು ಎದಿಗೆ ಕಾವಲು ಆಗಿತ್ತು. ಬ್ಯಾಂಟಿಂಗರ ದೋಣಿಗೆ ನ್ಯಾಯ ಸಿಕ್ಕಿದ್ದು ಇಲ್ಲೆ ಅಂತ ನಾ ತಿಳಕೊಂಡೇನಿ. ಮಾರಿಸ್ ಅವರು 2009ರೊಳಗ ತೀರಿಕೊಂಡಾಗ ಅವರಿಗೆ 99 ವರ್ಷ.

ಅದ 1956ರೊಳಗ ನಮ್ಮ ದೇಶದಿಂದನೂ ಒಂದು ಲೆಕ್ಕ ಹೋತು. ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯೊಳಗ ಜ್ಯಾಂ ಮೇಯರ್ ಮತ್ತ ಅವರ ಜೊತಿಗಾರರು 213 ಮಂದಿಯ ಊಟಾ, ತೂಕ, ಕೆಲಸಾ ಅಳದರು. ಮೂಟಿ ಹೊರೋರು ಭಾಳ ಉಂಡರೂ ತೆಳ್ಳಗ. ಹಗೂರ ಕೆಲಸದವರು ಕಡಿಮಿ ಉಂಡು ತೆಳ್ಳಗ. ಅಗದೀ ಕೂತ ಇರೋ ಅಂಗಡಿಕಾರರು, ಕಾರಕೂನರು? ಅವರು ಹಗೂರ ಕೆಲಸದವರಕ್ಕಿಂತ ಹೆಚ್ಚು ಉಣತಿದ್ದರು, ತೂಕಾನೂ ಅವರದ ಹೆಚ್ಚು. ಅಂದ್ರ ಸ್ವಲ್ಪ ಅಳ್ಳಾಡಿದ್ರ ಹಸಿವಿ ಹದದಾಗ ಇರತದ, ಒಟ್ಟ ಅಳ್ಳಾಡದಿದ್ರ ಹಸಿವಿಗೆ ಲಗಾಮ ತಪ್ಪತದ ಅಂತ ಅವರ ತರ್ಕ. ಎಲ್ಲಾ ಗಂಡಸರನ್ನ ನೋಡಿ ಬರದದ್ದು, ಅದೂ ಒಂದ ಗಿರಣಿಯೊಳಗ, ಅದಕ್ಕ ಇದ ಕಡೀ ಮಾತು ಅಂತ ನಾ ಅನಂಗಿಲ್ಲ. ಆದ್ರ ನಮ್ಮ ಅಜ್ಜಿ ಬೀಸೋಕಲ್ಲು, ಒಳ್ಳು, ಬಾವಿ ಹಗ್ಗ ಎಲ್ಲಾ ಜಗ್ಗಿ ಮೂರು ಜ್ವಾಳದ ರೊಟ್ಟಿ ಉಣತಿದ್ದಳು. ಕಲ್ಲು ಹೋತು, ಮಿಕ್ಸರ್ ಬಂತು, ರೊಟ್ಟಿ ಎಣಿಕಿ ಅಷ್ಟ ಉಳೀತು, ಮ್ಯಾಲೆ ಟಿವಿ ಮುಂದಿನ ಚೂಡಾ ಬ್ಯಾರೆ. "ನಾ ಇಡೀ ದಿನಾ ಮನಿಗೆಲಸಾ ಮಾಡತೇನಲ್ಲ" ಅನ್ನೋ ಕಾಕೂನ ಮಾತು ಸುಳ್ಳಲ್ಲ. ದಣಿವು ಅಷ್ಟ ಅದ, ಆದ್ರ ಅದು ನಿಂತ ದಣಿವು, ನಡದ ದಣಿವು ಅಲ್ಲ.

ಫೋನಿನ್ಯಾಗ ಬರೋ 10,000 ಹೆಜ್ಜಿಯ ಕಥೀನೂ ಹೇಳೇಬಿಡತೇನಿ. ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ, 1965ರೊಳಗ, ಜಪಾನಿನ ಕಂಪನಿ ಒಂದು ಹೆಜ್ಜಿ ಎಣಿಸೋ ಡಬ್ಬಿ ಮಾರಾಟಕ್ಕ ತಂತು. ಅದಕ್ಕ ಅವರ ಭಾಷಾದಾಗ "ಹತ್ತು ಸಾವಿರ ಹೆಜ್ಜಿಯ ಮೀಟರು" ಅಂತ ಹೆಸರಿಟ್ಟರು. ಆ ಸಂಖ್ಯಾ ಮಾರೋ ಹೆಸರಿನಿಂದ ಬಂದದ್ದು, ಡಾಕ್ಟರ ಚೀಟಿಯಿಂದ ಅಲ್ಲ. ಮೊದಲನೇ ದಿನಾನ ಹತ್ತು ಸಾವಿರ ಮಾಡಲಿಕ್ಕೆ ಹೋಗಿ ಹಿಮ್ಮಡಿ ಹಿಡಿಸಿಕೊಂಡು ಕೂಡಬ್ಯಾಡ್ರಿ. ಈ ವಾರ ಗುಡಿ ತನಕಾ, ಬರೋ ವಾರ ಅದರ ಮುಂದಿನ ಕೂಟ ತನಕಾ.

ನಂಗ ಎಲ್ಲಾಕ್ಕಿಂತ ಮುಖ್ಯ ಅನಿಸಿದ್ದು ನಮ್ಮ ಮಗ್ಗಲಿನ ಚೆನ್ನೈದ್ದು. ಡಾಕ್ಟರ್ ರಾಮಚಂದ್ರನ್ ಮತ್ತ ಅವರ ತಂಡದವರು ಶುಗರ್ ಬರೋ ಹೊಸ್ತಿಲದಾಗ ನಿಂತಿದ್ದ 531 ಮಂದೀನ ಆರಿಸಿದರು. ಕೆಲವರಿಗೆ ದಿನಾ ಅರ್ಧಾ ತಾಸು ನಡೀರಿ, ಸಕ್ಕರಿ, ಮೈದಾ, ಎಣ್ಣಿ ಕಡಿಮಿ ಮಾಡ್ರಿ ಅಂತ ಹೇಳಿ ಬೆನ್ನ ಹತ್ತಿದರು. ಇನ್ನ ಕೆಲವರನ್ನ ಎಂದಿನಂಗ ಬಿಟ್ಟರು. 2006ರೊಳಗ ಫಲಿತಾಂಶ ಬಂತು: ಮೂರು ವರ್ಷದೊಳಗ ಎಂದಿನಂಗ ಇದ್ದವರೊಳಗ 100ಕ್ಕ 55 ಮಂದಿಗೆ ಸಕ್ಕರಿ ಕಾಯಿಲೆ ಬಂತು. ನಡದು, ಊಟಾ ತಿದ್ದಿಕೊಂಡವರೊಳಗ 39 ಮಂದಿಗೆ. ಈಗ ಕೇಳ್ರಿ. ಆ ನಡದವರ ತೂಕ ಹೇಳಿಕೊಳ್ಳೋ ಅಷ್ಟು ಇಳದಿರಲೇ ಇಲ್ಲ! ಕಾಟಾ ಅಳ್ಳಾಡದನ ರೋಗ ದೂರ ಸರದಿತ್ತು. "ಏನೂ ಉಪಯೋಗಿಲ್ಲ ಬಿಡವಾ" ಅಂತ ಎರಡು ತಿಂಗಳಿಗೆ ಚಪ್ಪಲ್ ಬಿಚ್ಚಿಟ್ಟವರು ಏನ ಬಿಟ್ಟಕೊಟ್ಟರು ಅನ್ನೋದು ಈ ಲೆಕ್ಕದಾಗ ಅದ.

ಹಂಗಂದ್ರ ತೂಕ ಇಳಿಸಲೇಬೇಕು, ಮೊಣಕಾಲ ಕೇಳವಲ್ತು ಅನ್ನೋರು ಏನ ಮಾಡಬೇಕು? ಇಲ್ಲೆ ಬ್ಯಾಂಟಿಂಗರ ಮಾತ ಖರೆ, ಶುರು ಮಾಡೋದು ತಾಟಿನಿಂದನ. ಅವರಂಗ ಮಾಂಸದ ಊಟಾ ಅಲ್ಲ, ನಮ್ಮ ಮನ್ಯಾಗ ಅದು ಆಗೂದೂ ಇಲ್ಲ. ಚಹಾದ ಸಕ್ಕರಿ, ಖಾರಿ, ಅನ್ನದ ಎರಡನೇ ಸರತಿ, ಇವಕ್ಕ ಕೈ ಹಾಕಬೇಕು, ತಾಟಿನ್ಯಾಗ ಪಲ್ಯ, ಕಾಳು, ಮಜ್ಜಿಗಿ ಜಾಸ್ತಿ ಆಗಬೇಕು. ಶುಗರಿನ ಗುಳಿಗಿ, ಇನ್ಸುಲಿನ್ ತಗೊಳ್ಳೋರು ಡಾಕ್ಟರಿಗೆ ಕೇಳದ ಊಟಾ ಬಿಡಬಾರದು, ಸಕ್ಕರಿ ಒಮ್ಮಿಂದೊಮ್ಮೆಲೆ ಕುಸೀತದ.

ಇಳಿಸಿದ ಮ್ಯಾಲೆ ನಡಿಗಿಯ ಪಾಳಿ ಬರತದ. ಅಮೆರಿಕಾದೊಳಗ 1994ರಿಂದ ಒಂದು ದೊಡ್ಡ ನೋಂದಣಿ ಪುಸ್ತಕ ಇಟ್ಟಾರ. ಕನಿಷ್ಠ 30 ಪೌಂಡ್ ಇಳಿಸಿ, ಒಂದು ವರ್ಷನಾದ್ರೂ ಅದನ್ನ ಹಂಗ ಹಿಡದಿಟ್ಟಕೊಂಡವರ ಹೆಸರು ಮಾತ್ರ ಅದರಾಗ. ಅವರೊಳಗ ಭಾಳ ಮಂದಿ ಹೆಣ್ಣಮಕ್ಕಳು. ಊಟಾ ಬದಲಿ ಮಾಡದ ಇಳಿಸಿದವರು ಅದರೊಳಗ ಬೆರಳೆಣಿಕಿ ಅಷ್ಟ. ವ್ಯಾಯಾಮ ಹೆಚ್ಚ ಮಾಡಿದವರೂ 100ಕ್ಕ 90ರ ಮ್ಯಾಲೆ ಇದ್ದಾರ, ಎಲ್ಲಾರಕ್ಕಿಂತ ಹೆಚ್ಚು ಮಂದಿ ಆರಿಸಿಕೊಂಡದ್ದು ಬರೇ ನಡಿಗಿ. ಭಾಳ ಮಂದಿ ಮುಂಜಾನಿ ನಾಷ್ಟಾ ತಪ್ಪಸೂದಿಲ್ಲ, ಕಾಟಾ ಮ್ಯಾಲೆ ನಿಲ್ಲೋದು ವಾರಕ್ಕೊಮ್ಮೆ.