ತೊರಪಳ್ಳಿಯ ವಕೀಲರು

ಚೆನ್ನೈನ ಪೋರೂರಿನ ಕೂಡುರಸ್ತೆಯನ್ನು ಹಾಯ್ದು ಪಡುವಣಕ್ಕೆ ಸಾಗುವ ಮೌಂಟ್–ಪೂನಮಲ್ಲಿ ರಸ್ತೆ ಮುಂದೆ ಬೆಂಗಳೂರಿನ ಹೆದ್ದಾರಿಯನ್ನು ಕೂಡಿಕೊಳ್ಳುತ್ತದೆ. ಶ್ರೀಪೆರಂಬದೂರು, ವೇಲೂರು, ಆಂಬೂರು, ಕೃಷ್ಣಗಿರಿಗಳನ್ನು ದಾಟಿ ಆ ಹೆದ್ದಾರಿ ಹೊಸೂರು ಸೀಮೆಯನ್ನು ಹೊಗುವ ಕಡೆ ತೊರಪಳ್ಳಿ ಎಂಬ ಹಳ್ಳಿಯಿದೆ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಜಗಲಿಯ ಮೇಲೆ ಕೂತು ಮಾತಾಡುವ ನೆಲ ಅದು. ಆ ಊರ ಮುನ್ಸೀಫರಾಗಿದ್ದ ಚಕ್ರವರ್ತಿ ವೆಂಕಟಾರ್ಯ ಅಯ್ಯಂಗಾರರ ಮನೆಯಲ್ಲಿ 1878ರ ಡಿಸೆಂಬರ್ 10ರಂದು ಜನಿಸಿದ ಮಗು ಮುಂದೆ ದೇಶಕ್ಕೆಲ್ಲ ರಾಜಾಜಿ ಎನಿಸಿತು. ಗವರ್ನರ್ ಜನರಲ್ ಪದವಿಯ ರಾಜಾಜಿಯನ್ನು ಎಲ್ಲರೂ ಬಲ್ಲರು. ಕನ್ನಡಿಗನಾದ ನನ್ನ ಮನಸ್ಸು ಹೆಚ್ಚಾಗಿ ಒಲಿಯುವುದು ಸೇಲಂನ ಕೋರ್ಟಿನಲ್ಲಿ ನಿಂತ ವಕೀಲ ರಾಜಗೋಪಾಲಾಚಾರ್ಯರಿಗೆ, ನವರತ್ನ ರಾಮರಾಯರ ಗೆಳೆಯರಿಗೆ.

ಹೊಸೂರಿನ ಶಾಲೆಯಿಂದ ಬೆಂಗಳೂರಿಗೆ ಬಂದ ಹುಡುಗನಿಗೆ ದೃಷ್ಟಿ ಮಂದ, ಬುದ್ಧಿ ಬಲು ಚುರುಕು. ಸೆಂಟ್ರಲ್ ಕಾಲೇಜಿನಲ್ಲಿ ಜಾನ್ ಗಥ್ರಿ ಟೇಟ್ ಎಂಬ ಮೇಷ್ಟ್ರು ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಅವರ ಪ್ರೀತಿಯ ಶಿಷ್ಯರಲ್ಲಿ ಈತ ಒಬ್ಬ, ರಾಮರಾಯ ಇನ್ನೊಬ್ಬ. ಅಲ್ಲಿ ಬೆಳೆದ ಸ್ನೇಹ ಇಬ್ಬರ ಮುಪ್ಪಿನವರೆಗೂ ಬಾಳಿತು. ಒಬ್ಬರು ಮದ್ರಾಸಿನಲ್ಲಿ ಕಾನೂನು ಓದಿ 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ಇನ್ನೊಬ್ಬರು ಮೈಸೂರು ಸಂಸ್ಥಾನದ ಅಮಲ್ದಾರರಾಗಿ, ರೇಷ್ಮೆ ಇಲಾಖೆಯ ಮುಖ್ಯಸ್ಥರಾಗಿ, ಕೊನೆಗೆ ‘ಕೆಲವು ನೆನಪುಗಳು’ ಎಂಬ ಸೊಗಸಾದ ಪುಸ್ತಕವನ್ನು ಕನ್ನಡಕ್ಕಿತ್ತರು. ಸರ್ಕಾರಿ ಚಾಕರಿಯ ಕಥೆಯನ್ನು ಅಷ್ಟು ರಸವತ್ತಾಗಿ ಹೇಳಿದ ಗ್ರಂಥ ನಮ್ಮಲ್ಲಿ ವಿರಳ.

ಸೇಲಂನ ವಕೀಲರಿಗೆ ಕಕ್ಷಿದಾರರ ಕೊರತೆ ಇರಲಿಲ್ಲ. ಆ ಊರಿನಲ್ಲಿ ಮೋಟಾರು ಕೊಂಡ ಮೊದಲ ವಕೀಲರು ಅವರೇ ಎಂಬ ಮಾತಿದೆ. ಕಡಿಮೆ ಮಾತು, ಆದರೆ ಪ್ರತಿ ಮಾತಿಗೂ ಮೊನೆ. ಪಾಟೀಸವಾಲಿಗೆ ಹೇಳಿ ಮಾಡಿಸಿದ ನಾಲಗೆ ಅವರದು. ಆ ನಾಲಗೆ ಬರಿಯ ಸಂಪಾದನೆಗೆ ಮೀಸಲಾಗಿರಲಿಲ್ಲ ಎಂಬುದು ನನಗೆ ಅವರಲ್ಲಿ ಕಾಣುವ ದೊಡ್ಡಗುಣ. ಸ್ವಾತಂತ್ರ್ಯ ಹೋರಾಟಗಾರ ಪಿ. ವರದರಾಜುಲು ನಾಯ್ಡು ಅವರ ಮೇಲೆ ಸರ್ಕಾರ ರಾಜದ್ರೋಹದ ಮೊಕದ್ದಮೆ ಹೂಡಿದಾಗ ಅವರ ಪರ ನಿಂತವರು ಇವರು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದ ಮೇಲೆ ಅಗ್ರಹಾರಕ್ಕೆ ನಲ್ಲಿ ನೀರು ಬಿಡುವ ಕೆಲಸಕ್ಕೆ ದಲಿತನೊಬ್ಬನನ್ನು ನೇಮಿಸಿದರು. ಊರಿನ ಸಂಪ್ರದಾಯಸ್ಥರು ಕೆರಳಿದರು, ಸ್ವಜನರೇ ಮುಖ ತಿರುಗಿಸಿದರು. ಅಧ್ಯಕ್ಷರು ಜಗ್ಗಲಿಲ್ಲ. ಅಯ್ಯಂಗಾರ್ ಮನೆತನದ ವಕೀಲನೊಬ್ಬ ಆ ಕಾಲದಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲುವುದೆಂದರೆ ಬಂಧುಬಳಗವನ್ನೇ ಪಣಕ್ಕಿಟ್ಟಂತೆ.

ಮನೆಯ ಕಥೆ ಬೇರೆಯೇ ಕಷ್ಟದ್ದು. ಹೆಂಡತಿ ಅಲಮೇಲು ಮಂಗಮ್ಮ 1916ರ ಸುಮಾರಿಗೆ ತೀರಿಕೊಂಡಾಗ ಕೈಯಲ್ಲಿ ಐದು ಮಕ್ಕಳು: ಮೂವರು ಗಂಡು, ಇಬ್ಬರು ಹೆಣ್ಣು. ವಯಸ್ಸು ನಲವತ್ತೂ ಆಗಿರಲಿಲ್ಲ. ಮತ್ತೆ ಮದುವೆ ಮಾಡಿಕೊಳ್ಳಲಿಲ್ಲ. ತಂದೆಯೂ ತಾಯಿಯೂ ತಾವೇ ಆದರು. 1919ರಲ್ಲಿ ಸಂಸಾರ ಮದ್ರಾಸಿಗೆ ಬಂತು. ಗಾಂಧೀಜಿ ಬಂದು ತಂಗಿದ್ದು, ದೇಶವ್ಯಾಪಿ ಹರತಾಳದ ಯೋಚನೆ ಅವರಿಗೆ ಹೊಳೆದದ್ದು ಕೆಥೀಡ್ರಲ್ ರಸ್ತೆಯ ಆ ಮನೆಯಲ್ಲಿಯೇ. ಮರುವರ್ಷ ರಾಜಾಜಿ ವಕೀಲಿಯನ್ನೇ ತೊರೆದರು. 1925ರಲ್ಲಿ ತಿರುಚೆಂಗೋಡಿನ ಬಳಿಯ ಪುದುಪಾಳಯದಲ್ಲಿ ಆಶ್ರಮ ಕಟ್ಟಿ ಅಲ್ಲೇ ನೆಲೆಸಿದರು. ಮೋಟಾರು ಇಟ್ಟಿದ್ದವರ ಸಂಸಾರ ಗುಡಿಸಲಿಗೆ ಬಂತು. ನೂಲುವವರ, ಹೆಂಡ ಬಿಟ್ಟವರ ಸುಖದುಃಖ ಅವರದೂ ಆಯಿತು.

1927ರಲ್ಲಿ ಗಾಂಧೀಜಿ ಕಾಯಿಲೆಬಿದ್ದು ನಂದಿಬೆಟ್ಟದಲ್ಲೂ ಬೆಂಗಳೂರಿನಲ್ಲೂ ವಿಶ್ರಾಂತಿ ಪಡೆದಾಗ ಆರೈಕೆಯ ಹೊಣೆ ಹೊತ್ತವರಲ್ಲಿ ರಾಜಾಜಿ ಮುಖ್ಯರು. ಆ ಕಾಲದಲ್ಲೇ ಗಾಂಧೀಜಿಯ ಮಗ ದೇವದಾಸರಿಗೂ ಇವರ ಮಗಳು ಲಕ್ಷ್ಮಿಗೂ ಮನಸ್ಸು ಕೂಡಿತು. ಒಬ್ಬ ವೈಶ್ಯ, ಒಬ್ಬಳು ಬ್ರಾಹ್ಮಣ ಕನ್ಯೆ. ಇಬ್ಬರು ತಂದೆಯರೂ ಬೇಡವೆನ್ನಲಿಲ್ಲ. ಐದು ವರ್ಷ ದೂರವಿದ್ದು ಕಾಯಿರಿ, ಆಮೇಲೂ ಮನಸ್ಸು ಹಾಗೇ ಇದ್ದರೆ ಮದುವೆ ಎಂದರು. ಮಕ್ಕಳು ಕಾದರು. 1933ರ ಜೂನ್‌ನಲ್ಲಿ ಪುಣೆಯಲ್ಲಿ ಮದುವೆ ನಡೆಯಿತು.

ಮುಂದಿನ ಪದವಿಗಳನ್ನು ಇತಿಹಾಸದ ಪುಸ್ತಕಗಳೇ ಹೇಳುತ್ತವೆ. ಕೋರ್ಟಿನಲ್ಲಿ ಹರಿತವಾಗಿದ್ದ ಮಾತು ರಾಜಕಾರಣದಲ್ಲಿ ಅವರಿಗೆ ಹಗೆಗಳನ್ನು ತಂದಿತು. 1942ರಲ್ಲಿ ಕ್ವಿಟ್ ಇಂಡಿಯಾ ಬೇಡವೆಂದು ಒಂಟಿಯಾದರು. ಮಕ್ಕಳು ಅರ್ಧ ದಿನ ಶಾಲೆಯಲ್ಲಿ, ಉಳಿದರ್ಧ ಮನೆತನದ ಕಸುಬಿನಲ್ಲಿ ಕಳೆಯಲಿ ಎಂದ 1953ರ ಶಿಕ್ಷಣ ಯೋಜನೆಗಾಗಿ ಅವರು ಕೇಳಿದ ಬೈಗುಳಗಳಿಗೆ ಲೆಕ್ಕವಿಲ್ಲ. ಆ ಯೋಜನೆ ತಪ್ಪೆಂದೇ ನಾನೂ ನಂಬುತ್ತೇನೆ. ಆದರೂ ಎಂಬತ್ತರ ಮುದುಕ 1959ರಲ್ಲಿ ಹೊಸ ಪಕ್ಷ ಕಟ್ಟಿ, ‘ಪರ್ಮಿಟ್–ಲೈಸೆನ್ಸ್–ಕೋಟಾ ರಾಜ್’ ಎಂದು ನಾಲ್ಕು ಪದಗಳಲ್ಲಿ ಒಂದು ಸರ್ಕಾರದ ಜಾತಕವನ್ನೇ ಬರೆದುಬಿಟ್ಟದ್ದು ಹಳೆಯ ವಕೀಲರ ಕೈಚಳಕ.

ಇಷ್ಟೆಲ್ಲದರ ನಡುವೆ ಬೆಂಗಳೂರಿನ ಗೆಳೆಯರು ದೂರವಾಗಲಿಲ್ಲ. ರಾಜಾಜಿ ತಮಿಳಿನಲ್ಲಿ ಬರೆದ ಮಹಾಭಾರತದ ಕಥೆಗಳು ಇಂಗ್ಲಿಷಿಗೆ ಬರುವಾಗ ನೆರವಿಗೆ ನಿಂತವರಲ್ಲಿ ರಾಮರಾಯರೂ ಇದ್ದರು. ಭಾರತೀಯ ವಿದ್ಯಾಭವನ ಆ ಗ್ರಂಥವನ್ನು 1951ರಲ್ಲಿ ಪ್ರಕಟಿಸಿತು. ಟೇಟ್ ಮೇಷ್ಟ್ರ ಮುಂದೆ ಒಟ್ಟಿಗೆ ಕೂತು ಇಂಗ್ಲಿಷ್ ಕಲಿತವರು ಎಪ್ಪತ್ತು ದಾಟಿದ ಮೇಲೆ ಅದೇ ಇಂಗ್ಲಿಷಿನಲ್ಲಿ ವ್ಯಾಸರ ಕಥೆಯನ್ನು ಜಗತ್ತಿನ ಕೈಗಿತ್ತರು.