ಟಿಬಿ ಅಂದುಕೊಂಡಿದ್ದು ಟಿಬಿ ಆಗಿರಲಿಲ್ಲ: ಕಲ್ನಾರಿನ ಕ್ಯಾನ್ಸರ್ ಪತ್ತೆಯಾದ ಕಥೆ

ದಕ್ಷಿಣ ಆಫ್ರಿಕಾದ ಕಿಂಬರ್ಲಿ ವಜ್ರದ ಗಣಿಗೆ ಹೆಸರಾದ ಊರು. 1950ರ ದಶಕದಲ್ಲಿ ಅಲ್ಲಿನ ವೆಸ್ಟ್ ಎಂಡ್ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳಿಂದ ಟಿಬಿ ರೋಗಿಗಳು ಬರುತ್ತಿದ್ದರು. ಟಿಬಿಗೆ ಒಳ್ಳೆಯ ಔಷಧಿ ಆಗಷ್ಟೇ ಸಿಗತೊಡಗಿತ್ತು. ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಸ್ಲೆಗ್ಸ್ ಒಂದು ವಿಷಯ ಗಮನಿಸಿದರು. ಊರಿನ ಪೂರ್ವ ದಿಕ್ಕಿನಿಂದ ಬಂದವರು ಔಷಧಿಗೆ ಚೇತರಿಸಿಕೊಳ್ಳುತ್ತಿದ್ದರು. ಪಶ್ಚಿಮದಿಂದ ಎದೆಯಲ್ಲಿ ನೀರು ತುಂಬಿಕೊಂಡು ಬಂದ ಕೆಲವರು ಮಾತ್ರ ಏನು ಕೊಟ್ಟರೂ ಗುಣವಾಗುತ್ತಿರಲಿಲ್ಲ.

ಪಶ್ಚಿಮದಲ್ಲಿ ಇದ್ದದ್ದು ಕಲ್ನಾರಿನ ಬೆಟ್ಟಗಳು. ಕಲ್ನಾರು ಅಂದರೆ ಆಸ್ಬೆಸ್ಟಾಸ್, ಹೆಸರೇ ಹೇಳುವ ಹಾಗೆ ಕಲ್ಲಿನೊಳಗಿನ ನಾರು. ಬೆಂಕಿಗೆ ಸುಡುವುದಿಲ್ಲ, ನೂಲಿನ ಹಾಗೆ ಹೊಸೆಯಬಹುದು. ಅಲ್ಲಿ ಸಿಗುತ್ತಿದ್ದದ್ದು ನೀಲಿ ಕಲ್ನಾರು. ಗಂಡಸರು ಬೆಟ್ಟ ಅಗೆದು ಕಲ್ಲು ತರುತ್ತಿದ್ದರು. ಹೆಂಗಸರು, ಮಕ್ಕಳು ಕೂತು ಸುತ್ತಿಗೆಯಿಂದ ಕುಟ್ಟಿ ನಾರು ಬಿಡಿಸುತ್ತಿದ್ದರು. ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಗುಡ್ಡೆ ಹಾಕುತ್ತಿದ್ದರು. ಮಕ್ಕಳಿಗೆ ಆ ಗುಡ್ಡೆಯೇ ಜಾರುಬಂಡಿ.

1956ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಟಿಬಿ ಎಂದು ಬರೆದಿದ್ದ ಒಬ್ಬ ಕಾರ್ಮಿಕನ ಶವಪರೀಕ್ಷೆ ನಡೆಯಿತು. ಡಾ. ವ್ಯಾಗ್ನರ್ ಎದೆ ತೆರೆದು ನೋಡಿದರೆ ಶ್ವಾಸಕೋಶದ ಹೊದಿಕೆಯಲ್ಲಿ ಲೋಳೆಯಂಥ ದೊಡ್ಡ ಗಡ್ಡೆ. ಅದು ಮೆಸೊಥೆಲಿಯೋಮಾ. ಆಗಿನ ವೈದ್ಯರಲ್ಲಿ ಹಲವರು ಇಂಥದ್ದೊಂದು ಕ್ಯಾನ್ಸರ್ ಇದೆ ಎಂಬುದನ್ನೇ ಒಪ್ಪುತ್ತಿರಲಿಲ್ಲ.

ವ್ಯಾಗ್ನರ್, ಸ್ಲೆಗ್ಸ್ ಮತ್ತು ಮಾರ್ಚಂಡ್ ಮೂವರೂ ಸೇರಿ 1960ರಲ್ಲಿ 33 ರೋಗಿಗಳ ವಿವರ ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಉಳಿದ 32 ಜನರಿಗೂ ಕಲ್ನಾರಿನ ಸಂಪರ್ಕ ಕಾಣಿಸಿತು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಸಂಖ್ಯೆಗಿಂತ ಅವರ ಕಸುಬುಗಳು. ಗಣಿ ಕಾರ್ಮಿಕರು ಇದ್ದರು ನಿಜ. ಜೊತೆಗೆ ಗೃಹಿಣಿಯರು, ಮನೆಗೆಲಸದವರು, ರೈತರು, ದನ ಕಾಯುವವರೂ ಇದ್ದರು. ಗಣಿಯೊಳಗೆ ಕಾಲಿಡದವರಿಗೂ ರೋಗ ಬಂದಿತ್ತು. ಬಾಲ್ಯದಲ್ಲಿ ಗಣಿಯ ಪಕ್ಕ ಬೆಳೆದಿದ್ದರು, ಅಷ್ಟೇ. ಎಷ್ಟೋ ಜನ ಆ ಊರನ್ನೇ ಬಿಟ್ಟು ಬಂದು ದಶಕಗಳಾಗಿದ್ದವು.

ಈ ರೋಗದ ಮೋಸ ಇರುವುದೇ ಇಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಉಸಿರಿನೊಂದಿಗೆ ಒಳಗೆ ಹೋಗಿ ಕೂರುತ್ತದೆ. ದೇಹ ಅದನ್ನು ಕರಗಿಸಲಾರದು. ಕ್ಯಾನ್ಸರ್ ತಲೆ ಎತ್ತುವುದು ಸಾಮಾನ್ಯವಾಗಿ 30, 40 ವರ್ಷ ಕಳೆದ ಮೇಲೆ. ಆಗ ಏದುಸಿರು, ಎದೆನೋವು, ಎದೆಯಲ್ಲಿ ನೀರು. ಹುಡುಗನಾಗಿದ್ದಾಗ ಆಡಿದ ಮಣ್ಣಿನ ನೆನಪು ಅಜ್ಜನಾದ ಮೇಲೆ ಯಾರಿಗಿರುತ್ತದೆ?

ಐದು ವರ್ಷದ ನಂತರ, 1965ರಲ್ಲಿ, ಲಂಡನ್ನಿನಲ್ಲೂ ಇದೇ ಕಥೆ ಹೊರಬಂತು. ಕಾರ್ಖಾನೆಯಿಂದ ಬಂದ ಗಂಡನ ಬಟ್ಟೆ ಕೊಡವಿ ಒಗೆದ ಹೆಂಡತಿಯರು, ಕಾರ್ಖಾನೆಯಿಂದ ಅರ್ಧ ಮೈಲಿ ದೂರದೊಳಗೆ ಮನೆ ಇದ್ದವರು ರೋಗಿಗಳ ಪಟ್ಟಿಯಲ್ಲಿದ್ದರು. ಆದರೂ ಬ್ರಿಟನ್ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ, ದಕ್ಷಿಣ ಆಫ್ರಿಕಾ 2008ರಲ್ಲಿ. ಬ್ರಿಟನ್ನಿನಲ್ಲಿ ಈಗಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಇದರಿಂದ ಸಾಯುತ್ತಾರೆ. ಅದು ಹಳೆಯ ಧೂಳಿನ ಬಾಕಿ.

ಹಾಗಾದರೆ ಇದು ಎಷ್ಟು ಸಾಮಾನ್ಯ? ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಹೊಸ ರೋಗಿಗಳು. ಶ್ವಾಸಕೋಶದ ಕ್ಯಾನ್ಸರ್ 20 ಲಕ್ಷ ದಾಟುತ್ತದೆ, ಅದರ ಮುಂದೆ ಇದು ಅಪರೂಪವೇ. ಆದರೆ ಅಪರೂಪ ಅನ್ನುವ ಮಾತು ಎಲ್ಲ ಊರಿಗೂ ಒಂದೇ ಅಲ್ಲ. ಕಲ್ನಾರಿನ ಧೂಳು ಹಾರಿದ ಕಡೆ ಒಂದೇ ಬೀದಿಯಲ್ಲಿ, ಒಂದೇ ಮನೆಯಲ್ಲಿ ಬಂದಿದೆ. ಪತ್ತೆ ಮಾಡುವುದಕ್ಕೂ ಬಯಾಪ್ಸಿ ಬೇಕು, ಅದನ್ನು ಓದಬಲ್ಲ ತಜ್ಞರು ಬೇಕು. ಅವರಿಲ್ಲದ ಕಡೆ ರೋಗದ ಲೆಕ್ಕವೂ ಕಡಿಮೆ ಸಿಗುತ್ತದೆ.

ರೋಗಿಯ ಮುಂದಿನ ದಾರಿಯ ಬಗ್ಗೆ ಸುಳ್ಳು ಭರವಸೆ ಕೊಡಲು ನಮಗೆ ಮನಸ್ಸಿಲ್ಲ. ಪತ್ತೆಯಾದ ಮೇಲೆ ಹೆಚ್ಚಿನವರು ಬದುಕುವುದು ಒಂದು, ಒಂದೂವರೆ ವರ್ಷ. ಐದು ವರ್ಷ ದಾಟುವವರು ನೂರಕ್ಕೆ ಸುಮಾರು ಹತ್ತು ಜನ. 2003ರಲ್ಲಿ ಎರಡು ಔಷಧಿ ಸೇರಿಸಿದ ಕೀಮೋಥೆರಪಿಯ ಫಲಿತಾಂಶ ಬಂದಾಗ ಒಂಬತ್ತು ತಿಂಗಳಿದ್ದದ್ದು ಹನ್ನೆರಡಾಯಿತು. 2021ರಲ್ಲಿ ಪ್ರಕಟವಾದ ಇಮ್ಯುನೋಥೆರಪಿ ಪ್ರಯೋಗದಲ್ಲಿ ಹದಿನಾಲ್ಕು ಇದ್ದದ್ದು ಹದಿನೆಂಟಾಯಿತು. ಆರು ದಶಕದ ದುಡಿಮೆಗೆ ಸಿಕ್ಕಿದ್ದು ತಿಂಗಳುಗಳ ಲೆಕ್ಕ.

ಆದರೆ ಆ ತಿಂಗಳುಗಳನ್ನು ಓದುವ ಕ್ರಮ ಬೇರೆ ಇದೆ. ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಹೊದಿಕೆಯ ಮೆಸೊಥೆಲಿಯೋಮಾ ಪತ್ತೆಯಾಯಿತು. ಪುಸ್ತಕ ತೆಗೆದು ನೋಡಿದರೆ ಎಂಟು ತಿಂಗಳು ಎಂದಿತ್ತು. ಅಂಕಿ ಬಲ್ಲ ಮನುಷ್ಯ, ಕೂತು ಯೋಚಿಸಿದರು. ಎಂಟು ತಿಂಗಳು ಅಂದರೆ ಅರ್ಧ ಜನ ಅಷ್ಟರೊಳಗೆ ಹೋಗುತ್ತಾರೆ ಎಂದಷ್ಟೇ. ಉಳಿದ ಅರ್ಧ ಜನರಲ್ಲಿ ಕೆಲವರು ಬಹಳ ವರ್ಷ ಬದುಕಬಹುದು. ಅವರು ಇನ್ನೂ 20 ವರ್ಷ ಬದುಕಿದರು, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ವಯಸ್ಸು, ಗಡ್ಡೆಯ ಬಗೆ, ಎಷ್ಟು ಬೇಗ ಪತ್ತೆಯಾಯಿತು ಎಂಬುದರ ಮೇಲೆ ದಾರಿ ಬದಲಾಗುತ್ತದೆ.

ಇನ್ನು ನಮ್ಮ ತಲೆ ಮೇಲಿನ ಮಾತು. ದನದ ಕೊಟ್ಟಿಗೆ, ಹಿತ್ತಿಲ ಮನೆ, ಅಂಗಡಿ, ಎಲ್ಲ ಕಡೆ ಹೊದಿಸಿರುವ ಬೂದು ಬಣ್ಣದ ಸಿಮೆಂಟ್ ಶೀಟುಗಳಲ್ಲಿ ಹೆಚ್ಚಿನವು ಕಲ್ನಾರು ಬೆರೆಸಿದವು. ಬಳಸುವುದು ಬಿಳಿ ಕಲ್ನಾರು. ನೀಲಿಗಿಂತ ಇದರ ಅಪಾಯ ಕಡಿಮೆ, ಆದರೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ ಗಣಿಗಾರಿಕೆ ನಿಂತಿದೆ, ಹೊರದೇಶದಿಂದ ತರಿಸುವುದು ನಿಂತಿಲ್ಲ. ಗಟ್ಟಿಯಾಗಿರುವ ಶೀಟಿನ ಕೆಳಗೆ ಮಲಗಿದವರು ಗಾಬರಿಯಾಗಬೇಕಿಲ್ಲ. ನಾರು ಏಳುವುದು ಶೀಟನ್ನು ಕತ್ತರಿಸುವಾಗ, ತೂತು ಕೊರೆಯುವಾಗ, ಒಡೆದ ಚೂರನ್ನು ಪುಡಿ ಮಾಡಿ ಅಂಗಳಕ್ಕೆ ತುಂಬುವಾಗ. ಆ ಕೆಲಸ ಮಾಡಲೇಬೇಕಾದರೆ ಮೊದಲು ಚೆನ್ನಾಗಿ ನೀರು ಹಾಕಿ ನೆನೆಸಿ, ಮಕ್ಕಳನ್ನು ದೂರ ಕಳಿಸಿ.

ಕಲ್ನಾರು ಕಾರ್ಖಾನೆಯವರು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಊರಲ್ಲಿ ಶೀಟು ಕತ್ತರಿಸುವ ಮೇಸ್ತ್ರಿಗೆ ಅಂಥ ದಾಖಲೆ ಯಾರು ಇಡುತ್ತಾರೆ? ಟಿಬಿ ಮಾತ್ರೆ ಪೂರ್ತಿ ನುಂಗಿದ ಮೇಲೂ ಎದೆಯ ನೀರು ಮತ್ತೆ ಮತ್ತೆ ತುಂಬುತ್ತಿದ್ದರೆ, ಹಿಂದೆ ಎಲ್ಲಿ ದುಡಿದಿದ್ದಿರಿ, ಯಾವ ಧೂಳು ಕುಡಿದಿದ್ದಿರಿ ಎಂಬುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.