ಹೆಡರ್ ಕೊಳವೆಗೆ ಶಾಖ ತಾಳುವ ಲೇಪ

ಎಂಜಿನ್ನಿನ ಸಿಲಿಂಡರುಗಳಿಂದ ಹೊರಬೀಳುವ ಹೊಗೆಯನ್ನು ಮೊದಲು ಹಿಡಿದು ಸೈಲೆನ್ಸರ್ ಕಡೆಗೆ ಒಯ್ಯುವ ಕೊಳವೆಗಳಿಗೆ ಹೆಡರ್ ಎಂದು ಹೆಸರು; ಬೈಕ್ ಮೆಕ್ಯಾನಿಕ್‌ಗಳ ಬಾಯಲ್ಲಿ ಇದೇ ಬೆಂಡ್ ಪೈಪ್. ಪೆಟ್ರೋಲ್ ಎಂಜಿನ್ ಪೂರ್ತಿ ಹೊರೆಯಲ್ಲಿ ದುಡಿಯುವಾಗ ಹೊರಡುವ ಅನಿಲ 800 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಗಾಡಿಯ ಮೈಗೆ ಹೊಡೆಯುವ ಬಣ್ಣ ಇಲ್ಲಿ ಸುಟ್ಟು ಕರಕಲಾಗುತ್ತದೆ. ಹಾಗೇ ಬಿಟ್ಟ ಸಾದಾ ಉಕ್ಕು ಪದರ ಪದರವಾಗಿ ತುಕ್ಕು ಹಿಡಿಯುತ್ತದೆ.

ಬಿಸಿ ತಾಳುವುದೊಂದೇ ಲೇಪದ ಕೆಲಸವಲ್ಲ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ 500 ಡಿಗ್ರಿಯಷ್ಟು ಕಾದರೆ ಆರೇಳು ಮಿಲಿಮೀಟರ್ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಲೇಪವೂ ಜೊತೆಗೆ ಹಿಗ್ಗಿ ಕುಗ್ಗದಿದ್ದರೆ ಬಿರುಕು ಬಿಡುತ್ತದೆ. ಮಲೆನಾಡಿನ ಮಳೆಯಲ್ಲಿ ಕಾದ ಕೊಳವೆಯ ಮೇಲೆ ತಣ್ಣೀರು ಬೀಳುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಯೂ ಸೇರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಗರಿಷ್ಠ ಡಿಗ್ರಿಯನ್ನಷ್ಟೇ ನೋಡಿ ಕೊಳ್ಳಬಾರದು. ಎಷ್ಟೋ ಸಲ ಅದು ಸ್ವಲ್ಪ ಹೊತ್ತು ಮಾತ್ರ ತಾಳುವ ಬಿಸಿ; ಸತತವಾಗಿ ತಾಳುವುದು ಎಷ್ಟು ಎಂದು ಬೇರೆಯಾಗಿ ವಿಚಾರಿಸಬೇಕು.

ಕೈಗೆಟುಕುವ ಆಯ್ಕೆ ಸಿಲಿಕೋನ್ ರಾಳದ ಬಣ್ಣ. ಮಾಮೂಲಿ ಬಣ್ಣದ ರಾಳ ಇಂಗಾಲದ ಸರಪಳಿ. ಇದರದು ಸಿಲಿಕಾನ್ ಮತ್ತು ಆಮ್ಲಜನಕ ಹೆಣೆದುಕೊಂಡ ಗಟ್ಟಿ ಸರಪಳಿ. ಬಿಸಿ ಏರಿದಂತೆ ಇದರಲ್ಲಿರುವ ಇಂಗಾಲದ ಭಾಗ ಉರಿದುಹೋಗುತ್ತದೆ, ಉಳಿದ ಸಿಲಿಕಾ ಬಣ್ಣದಲ್ಲಿ ಬೆರೆಸಿದ ಅಲ್ಯೂಮಿನಿಯಂ ಪುಡಿಯನ್ನು ಉಕ್ಕಿಗೆ ಹಿಡಿದಿಡುತ್ತದೆ. ಬೆಳ್ಳಿ ಬಣ್ಣದ್ದು 600 ಡಿಗ್ರಿ ಆಸುಪಾಸಿನವರೆಗೆ ಬಾಳುವುದು ಇದರಿಂದಲೇ.

ಈ ಬಣ್ಣ ಎದ್ದುಬಂದರೆ ತಪ್ಪು ಹೆಚ್ಚಾಗಿ ಬಣ್ಣದ್ದಲ್ಲ, ಅದರ ಕೆಳಗಿನ ಮೈಯದ್ದು. ಸ್ಯಾಂಡ್ ಬ್ಲಾಸ್ಟ್ ಮಾಡಿಸಬೇಕು. ಆಗದಿದ್ದರೆ ವೈರ್ ಬ್ರಷ್, ಎಮರಿ ಕಾಗದ ಹಿಡಿದು ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಬೇಕು. ಥಿನ್ನರಿನಲ್ಲಿ ಒರೆಸಿದ ಮೇಲೆ ಬರಿಗೈ ತಾಗಿಸಬಾರದು. ಬೆರಳಿನ ಜಿಡ್ಡು ಉಳಿದ ಕಡೆ ಬಣ್ಣ ಹಿಡಿಯುವುದಿಲ್ಲ. ಕಬ್ಬಿಣಕ್ಕೆಲ್ಲ ಮೊದಲು ರೆಡ್ ಆಕ್ಸೈಡ್ ಬಳಿಯುವ ರೂಢಿ ಇಲ್ಲಿ ಸಲ್ಲದು: ಅದು ಸುಟ್ಟು ಉದುರುವಾಗ ಮೇಲಿನ ಬಣ್ಣವನ್ನೂ ಕಿತ್ತುಕೊಂಡು ಹೋಗುತ್ತದೆ. ದಪ್ಪನೆಯ ಒಂದು ಕೋಟ್‌ಗಿಂತ ತೆಳುವಾದ ಎರಡು ಮೂರು ಕೋಟ್ ಲೇಸು. ಬಳಿಕ ಕಾಯಿಸಿ ಹದಮಾಡಬೇಕು: ಅರ್ಧರ್ಧ ಗಂಟೆಯಂತೆ ಮೊದಲು 120, ಆಮೇಲೆ 200, ಕೊನೆಗೆ 315 ಡಿಗ್ರಿಯ ಸುಮಾರು, ನಡುವೆ ಪ್ರತಿ ಸಲವೂ ಆರಲು ಬಿಟ್ಟು. ಓವನ್ ಇಲ್ಲದವರು ಎಂಜಿನ್ನನ್ನೇ ಓಡಿಸುತ್ತ, ನಿಲ್ಲಿಸುತ್ತ ಈ ಕೆಲಸ ಮುಗಿಸುತ್ತಾರೆ. ಆಗ ಹೊಗೆ ಏಳುತ್ತದೆ, ಬಯಲಿನಲ್ಲೇ ಮಾಡಬೇಕು.

ಎನಾಮೆಲ್ ತಟ್ಟೆಗೆ ಮಾಡುವ ಹಾಗೆ ಗಾಜಿನ ಪುಡಿಯನ್ನು 800 ಡಿಗ್ರಿ ಸುತ್ತಮುತ್ತ ಕರಗಿಸಿ ಲೋಹಕ್ಕೆ ಬೆಸೆಯುವುದು ಹಳೆಯ ವಿಧಾನ. ಇಂಗ್ಲೆಂಡಿನ ಜಾಗ್ವಾರ್ ಕಾರುಗಳ ಎಕ್ಸ್‌ಕೆ ಎಂಜಿನ್ನಿನ ಮ್ಯಾನಿಫೋಲ್ಡ್‌ಗಳಿಗೆ, ಅಂದರೆ ಎರಕ ಹೊಯ್ದ ಹೆಡರ್‌ಗಳಿಗೆ, ಇದೇ ಮೆರುಗು ಇರುತ್ತಿತ್ತು. ನೋಡಲು ಬಲು ಚೆಂದ, ಆದರೆ ಸ್ಪ್ಯಾನರ್ ಬಡಿದರೆ ಚಕ್ಕೆ ಏಳುತ್ತದೆ.

ಹೊಸ ಹೆಡರಿಗೆ, ಹಣ ಹೊಂದಿದರೆ, ಸೆರಾಮಿಕ್ ಲೇಪವನ್ನೇ ಆರಿಸಿಕೊಳ್ಳಬೇಕು. ಕಾರ್ಖಾನೆಯಲ್ಲಿ ಸಿಂಪಡಿಸಿ ಬೇಯಿಸುವ ಇದನ್ನು ಕೊಳವೆಯ ಒಳಮೈಗೂ ಕೊಡಬಹುದು. ರೇಸ್ ಕಾರುಗಳಲ್ಲಿ ಪ್ಲಾಸ್ಮಾ ಜ್ವಾಲೆಯಿಂದ ಜಿರ್ಕೋನಿಯಾ ಎಂಬ ಸೆರಾಮಿಕ್ ಲೇಪಿಸುವುದೂ ಉಂಟು. ಅದು ಶಾಖವನ್ನು ಸುಲಭವಾಗಿ ಹಾಯಗೊಡದ ಕಾರಣ ಬಾನೆಟ್ಟಿನ ಒಳಗೆ ಬಿಸಿ ತಗ್ಗುತ್ತದೆ.

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಲೇಪ ಬೇಕಿಲ್ಲ. ಅದು ಹುಲ್ಲಿನ ಹಳದಿಗೆ, ಆಮೇಲೆ ನೀಲಿಗೆ ತಿರುಗುವುದು ಆಕ್ಸೈಡಿನ ತೆಳುಪೊರೆಯಿಂದ, ಕೊಳವೆಗೆ ಹಾನಿಯಿಲ್ಲ. ಕ್ರೋಮ್ ಮಾಡಿದ ಬೆಂಡ್ ಪೈಪ್ ನೀಲಿಗಟ್ಟುವುದೂ ಬಿಸಿಯಿಂದಲೇ.

ಸತುವಿನ ಲೇಪವಿರುವ ಜಿಐ ಪೈಪನ್ನು ಹೆಡರಿಗೆ ಬಳಸಲೇಬಾರದು. ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ. ಜಿಐ ಪೈಪನ್ನು ಬೆಸುಗೆ ಹಾಕುವಾಗ ಏಳುವ ಬಿಳಿ ಹೊಗೆಯನ್ನು ಉಸಿರಾಡಿದ ವೆಲ್ಡರನಿಗೆ ಅದೇ ದಿನ ಚಳಿಜ್ವರ ಬರುವುದುಂಟು.